ಎರಡು ಸಹಿಯ ಕಂಪನಿ

ಕಂಪನಿ ಹುಟ್ಟಿಸಲು ತಗುಲಿದ ಖರ್ಚು ಇಷ್ಟು: ಹೆಸರು ಕಾದಿರಿಸಲು ಐನೂರು. ಆ ಹೆಸರು ಇಬ್ಬರು ಗಂಡಸರಲ್ಲಿ ಒಬ್ಬನಿಗೆ ಹಿಡಿಸಲಿಲ್ಲವೆಂದು ಇನ್ನೊಂದು ಹೆಸರಿಗೆ ಮತ್ತೆ ಐನೂರು. ನೋಂದಣಿಗೆ ನಾಲ್ಕು ಸಾವಿರ. ಕಾಗದಪತ್ರ ಮಾಡಿಕೊಟ್ಟ ಆಡಿಟರಿಗೆ ಆರು ಸಾವಿರ. ಮೊಹರಿಗೆ ಇನ್ನೂರು. ಬಾಗಿಲ ಮೇಲಿನ ಬೋರ್ಡಿಗೆ ಮೂರು ಸಾವಿರದ ಇನ್ನೂರು. ವಿಸಿಟಿಂಗ್ ಕಾರ್ಡು ಎರಡು ಕಟ್ಟು, ಎಂಟುನೂರು. ತಿರುಗುವ ಕುರ್ಚಿ ಎರಡು, ಒಂದಕ್ಕೆ ಐದು ಸಾವಿರದ ಮುನ್ನೂರು. ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಎತ್ತರವಿಲ್ಲವೆಂದು ಅಂಗಡಿಯಲ್ಲೇ ಟೇಪು ಹಿಡಿದು ಅಳೆದು ತಂದದ್ದು. ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಎಂಟುನೂರು.

ಈ ದುಡ್ಡಿಗೆ ಗುಂಡಿಯ ಕಾಜಾ ಹಾಕುವ ಒಳ್ಳೆಯ ಮಿಷನ್ನೇ ಬರುತ್ತಿತ್ತು ಎಂದುಕೊಂಡಳು ಅಕ್ಕ. ಕಾಜಾ ಮಿಷನ್ನು ದಿನಕ್ಕೆ ನಾನೂರು ಕಾಜಾ ಹಾಕುತ್ತದೆ. ಕುರ್ಚಿಯಲ್ಲಿ ಕೂತ ಇಬ್ಬರು ಏನು ಹಾಕುತ್ತಾರೆಂದು ಅವಳಿಗೆ ಆಗಿನ್ನೂ ಗೊತ್ತಿರಲಿಲ್ಲ.

ಕಂಪನಿ ಬರುವ ಮುಂಚೆ ಅಲ್ಲಿದ್ದದ್ದು ಅಕ್ಕತಂಗಿಯರ ಹೊಲಿಗೆ ಶೆಡ್ಡು. ದೊಡ್ಡ ರಸ್ತೆಯಿಂದ ಒಳಕ್ಕೆ ತಿರುಗಿದರೆ ಟೈರು ಅಂಗಡಿಯ ಹಿಂದೆ ತಗಡು ಹೊದಿಸಿದ ಉದ್ದನೆಯ ಕೋಣೆ. ಹದಿನಾಲ್ಕು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಹನ್ನೆರಡು ಜನ ಹೊಲಿಯುವ ಹೆಂಗಸರು. ಮಿಷನ್ನುಗಳೆಲ್ಲ ಒಟ್ಟಿಗೆ ಬಂದವಲ್ಲ. ಒಂದು ಅಕ್ಕನ ಬಳೆ ಮಾರಿ ಬಂತು, ಇನ್ನೊಂದು ತಂಗಿ ಹಲ್ಲು ಕಚ್ಚಿ ಉಳಿಸಿದ ಮನೆಖರ್ಚಿನಿಂದ ಬಂತು, ಮೂರು ಮುಚ್ಚಿಹೋದ ಕಾರ್ಖಾನೆಯ ಹರಾಜಿನಿಂದ ತುಕ್ಕು ಹಿಡಿದು ಬಂದವು. ಆ ಮೂರನ್ನು ಇಬ್ಬರೂ ಸೀಮೆಎಣ್ಣೆಯಲ್ಲಿ ಉಜ್ಜಿ ಉಜ್ಜಿ ಉಸಿರು ಬರಿಸಿದ್ದರು.

ಗಂಡಂದಿರಿಬ್ಬರೂ ಆ ಕಾಲದಲ್ಲಿ ಶೆಡ್ಡಿನ ಕಡೆ ತಲೆ ಹಾಕಿದವರಲ್ಲ. ಅಕ್ಕನ ಗಂಡ ಹಳೇ ಬೈಕುಗಳ ದಲ್ಲಾಳಿ. ಒಂದು ಬೈಕು ಮಾರಿದರೆ ಎರಡು ತಿಂಗಳು ಅದರ ಕತೆ ಹೇಳಿಕೊಂಡು ತಿರುಗುವವನು. ತಂಗಿಯ ಗಂಡ ಉಗ್ರಾಣವೊಂದರಲ್ಲಿ ಗುಮಾಸ್ತನಾಗಿದ್ದು, ಊರ ಚೀಲಗಳನ್ನೆಲ್ಲ ಎಣಿಸಿ ಸುಸ್ತಾಗಿ ಐವತ್ತಕ್ಕೇ ಕೆಲಸ ಬಿಟ್ಟು ಮನೆಯಲ್ಲಿ ಕೂತವನು. ಹೊಲಿಯುವ ಹೆಂಗಸರು ಮೊದಲನೆಯವನಿಗೆ ದೊರೆ, ಎರಡನೆಯವನಿಗೆ ದಿವಾನ ಎಂದು ಹೆಸರಿಟ್ಟಿದ್ದರು. ರಾಜ್ಯ ಇಲ್ಲದ ದೊರೆ, ಸಂಬಳ ಇಲ್ಲದ ದಿವಾನ.

ಈ ಷಡ್ಡಕರ ನಡುವೆ ಒಂದು ಹಳೆಯ ತೊಡಕಿತ್ತು. ದೊರೆ ಅಕ್ಕನ ಗಂಡ, ಹಾಗಾಗಿ ಸಂಬಂಧದಲ್ಲಿ ದೊಡ್ಡವನು. ದಿವಾನ ತಂಗಿಯ ಗಂಡನಾದರೂ ವಯಸ್ಸಿನಲ್ಲಿ ದೊರೆಗಿಂತ ನಾಲ್ಕು ವರ್ಷ ಹಿರಿಯ. ಅಣ್ಣ ಎಂದು ಯಾರು ಯಾರನ್ನು ಕರೆಯಬೇಕೆಂಬುದು ತಂಗಿಯ ಮದುವೆಯ ದಿನದಿಂದಲೂ ತೀರ್ಮಾನವಾಗಿರಲಿಲ್ಲ. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಏನೂ ಕರೆಯದೆ, ಎದುರಿಗೆ ಕೂತಿದ್ದರೂ ಗೋಡೆಯ ಕಡೆ ನೋಡಿಕೊಂಡು "ಇವರಿಗೆ ಇನ್ನೊಂದು ಲೋಟ ಕಾಫಿ ಬೇಕಂತೆ" ಎನ್ನುತ್ತಿದ್ದರು.

ಇಂಥವರು ಕಂಪನಿ ಕಟ್ಟಿದ್ದಕ್ಕೆ ಕಾರಣ ಒಂದು ಆಸ್ಪತ್ರೆ. ದೊಡ್ಡ ಆಸ್ಪತ್ರೆ, ಮೊದಲಿಗೆ ಆರುನೂರು ಜೊತೆ ಸಮವಸ್ತ್ರ, ಒಟ್ಟು ಎರಡು ವರ್ಷದ ಕೆಲಸ. ಅಲ್ಲಿನ ಸ್ಟೋರು ನೋಡಿಕೊಳ್ಳುವ ಹೆಂಗಸು ಅಕ್ಕನ ಹೊಲಿಗೆಯನ್ನು ತಿರುವಿ ಮುರುವಿ ನೋಡಿ ಮೆಚ್ಚಿ, "ನಿಮಗೇ ಕೊಡ್ತೀನಮ್ಮ. ಆದ್ರೆ ಬಿಡಿ ಜನಕ್ಕೆ ಕೊಡೋಕೆ ನಮ್ಮಲ್ಲಿ ಬಿಡಲ್ಲ. ಒಂದು ಕಂಪನಿ ಅಂತ ಮಾಡ್ಕೊಂಡು ಬನ್ನಿ" ಎಂದಿದ್ದಳು. ಕಂಪನಿ ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಡಂದಿರಿಬ್ಬರೂ ಷರಟಿಗೆ ಇಸ್ತ್ರಿ ಹಾಕಿಸಿಕೊಂಡರು.

ಆಡಿಟರ ಕೋಣೆ ಮೆಟ್ಟಿಲಿನ ಕೆಳಗಿನ ಸಣ್ಣ ಗೂಡು. ಕುರ್ಚಿ ಎರಡೇ ಇದ್ದುದರಿಂದ ಗಂಡಸರು ಕೂತರು, ಹೆಂಗಸರು ಬಾಗಿಲಲ್ಲಿ ನಿಂತರು.

"ಕಂಪನಿ ಅಂದ್ರೆ ಅದು ಬೇರೆಯೇ ಒಬ್ಬ ಮನುಷ್ಯ ಇದ್ದ ಹಾಗೆ," ಎಂದರು ಆಡಿಟರು. "ಅದರ ಸಾಲ ಅದಕ್ಕೆ, ಅದರ ಆಸ್ತಿ ಅದಕ್ಕೆ. ನಾಳೆ ವ್ಯಾಪಾರ ಮುಳುಗಿದ್ರೂ ನಿಮ್ಮ ಮನೆ ಬಾಗಿಲಿಗೆ ಯಾರೂ ಬರೋ ಹಾಗಿಲ್ಲ. ಹಾಕಿದ ಬಂಡವಾಳ ಹೋಗುತ್ತೆ, ಅಷ್ಟೇ."

"ಹಾಗಾದ್ರೆ ಎಷ್ಟು ಬೇಕಾದ್ರೂ ಸಾಲ ಮಾಡಬಹುದು!" ದೊರೆಯ ಮುಖ ಅರಳಿತು.

"ಮಾಡಬಹುದು. ಕೊಡೋರು ಸಿಗಬೇಕಲ್ಲ." ಆಡಿಟರು ಕಾಗದ ಮುಂದಕ್ಕೆಳೆದುಕೊಂಡರು. "ಬಂಡವಾಳ ಅಂತ ಏನು ಹಾಕ್ತೀರ?"

"ಹದಿನಾಲ್ಕು ಮಿಷನ್ನಿದೆ. ಒಂದೂವರೆ ಲಕ್ಷ ದುಡ್ಡಿದೆ," ಎಂದಳು ಅಕ್ಕ ಬಾಗಿಲಿನಿಂದಲೇ.

"ಶೇರು ಯಾರ ಹೆಸರಿಗೆ?"

"ನಮ್ಮಿಬ್ಬರದು," ಎಂದರು ಗಂಡಸರಿಬ್ಬರೂ ಒಟ್ಟಿಗೆ.

ಆಡಿಟರು ಕನ್ನಡಕದ ಮೇಲಿಂದ ಬಾಗಿಲ ಕಡೆ ನೋಡಿದರು. "ಮಿಷನ್ನು ಇವರದಲ್ವಾ?"

"ಇವರದು ಅಂದ್ರೆ ನಮ್ಮದೇ," ಎಂದ ದೊರೆ.

"ಹೆಂಗಸರಿಗೆ ಯಾಕೆ ಸಹಿ ಗಿಹಿ ಅಂತ ತಾಪತ್ರಯ," ಎಂದ ದಿವಾನ. ಅವರಿಬ್ಬರೂ ಒಂದೇ ದನಿಯಲ್ಲಿ ಮಾತಾಡಿದ್ದನ್ನು ಅಕ್ಕತಂಗಿಯರು ಅದೇ ಮೊದಲು ಕಂಡದ್ದು.

ನೂರು ಶೇರು, ಐವತ್ತು ಇವನಿಗೆ, ಐವತ್ತು ಅವನಿಗೆ. ಡೈರೆಕ್ಟರುಗಳೂ ಅವರಿಬ್ಬರೇ. ಆಡಿಟರು ತಲೆ ಅಲ್ಲಾಡಿಸಿದರು. ಸಮಸಮ ಬೇಡ, ನಾಳೆ ನೀವಿಬ್ಬರೂ ಹಟ ಹಿಡಿದರೆ ಕಂಪನಿ ಕಂಬಕ್ಕೆ ಕಟ್ಟಿದ ಹಾಗಾಗುತ್ತದೆ, ಒಂದೇ ಒಂದು ಶೇರು ಮೂರನೆಯವರ ಹೆಸರಿಗೆ ಹಾಕಿ ಎಂದು ಬಿಡಿಸಿ ಹೇಳಿದರು.

"ನನ್ನ ಹೆಂಡತಿ ಹೆಸರಿಗೆ ಹಾಕೋಣ," ಎಂದ ದೊರೆ ಥಟ್ಟನೆ.

"ಯಾಕೆ, ಆ ಮನೆ ಐವತ್ತೊಂದು ಆಗೋಕಾ? ಹಾಕೋದಾದ್ರೆ ನನ್ನ ಹೆಂಡತಿ ಹೆಸರಿಗೆ ಹಾಕಿ," ಎಂದ ದಿವಾನ ಗೋಡೆಗೆ.

ಯಾರ ಹೆಸರಿಗೂ ಹಾಕಲಿಲ್ಲ. ಅಷ್ಟು ಸಾಲದೆಂಬಂತೆ, ಒಬ್ಬನು ಇನ್ನೊಬ್ಬನ ಕಣ್ಣು ತಪ್ಪಿಸಿ ಬಿಡಿಗಾಸೂ ಎತ್ತಬಾರದೆಂದು, ಬ್ಯಾಂಕಿನ ಚೆಕ್ಕಿಗೆ ಇಬ್ಬರ ಸಹಿಯೂ ಬೇಕೇ ಬೇಕೆಂದು ಬರೆಸಿದರು. ಅಕ್ಕ ತಡೆಯಲಿಲ್ಲ. ಹೆಸರು ತಾನೇ, ಇಟ್ಟುಕೊಂಡು ಮೆರೆಯಲಿ, ಕೆಲಸ ನಮ್ಮ ಕೈಯಲ್ಲಿದೆ ಎಂದು ಅವಳ ಎಣಿಕೆ. ಅವರಿಬ್ಬರ ಮೇಲೆ ಅವಳಿಗಿದ್ದ ತಾತ್ಸಾರ ಎಷ್ಟೆಂದರೆ, ಅವರಿಂದ ಕೆಡುಕಾದರೂ ಆದೀತೆಂದು ಅವಳಿಗೆ ಹೊಳೆಯಲೇ ಇಲ್ಲ. ಕೈಲಾಗದವನ ಕೈಯಲ್ಲೂ ಕತ್ತರಿ ಕೊಟ್ಟರೆ ಬಟ್ಟೆ ಕೆಡುತ್ತದೆ. ಇಪ್ಪತ್ತು ವರ್ಷ ಹೊಲಿದವಳು ಅಷ್ಟನ್ನು ಯೋಚಿಸಬೇಕಿತ್ತು.

ಶೆಡ್ಡಿನ ಮೂಲೆಯಲ್ಲಿ ಹಲಗೆ ಅಡ್ಡ ಹೊಡೆದು ಆಫೀಸು ಮಾಡಿದರು. ಅದಕ್ಕಾಗಿ ಎರಡು ಮಿಷನ್ನು ಬಾಗಿಲ ಬಳಿ ಧೂಳಿಗೆ ಬಂದವು. ಬೆಳಿಗ್ಗೆ ಹತ್ತಕ್ಕೆ ದೊರೆ ಬಂದು ಕುರ್ಚಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಿದ್ದ. ಹತ್ತೂವರೆಗೆ ದಿವಾನ ಬಂದು ಮೊಹರನ್ನು ಮಸಿಗೆ ಅದ್ದಿ ಹಾಳೆಯ ಮೇಲೆ ಒತ್ತಿ ನೋಡಿ, ಒರೆಸಿ ಇಡುತ್ತಿದ್ದ. ಹನ್ನೊಂದಕ್ಕೆ ಮೀಟಿಂಗು. ಫ್ಯಾನು ಯಾರ ಕಡೆ ತಿರುಗಿರಬೇಕು ಎಂಬುದರ ಮೇಲೆಯೇ ಎರಡು ಮೀಟಿಂಗು ನಡೆದವು. ಒಂದು ಗಂಟೆಗೆ ಊಟ, ಆಮೇಲೆ ಕುರ್ಚಿಯಲ್ಲೇ ಇಬ್ಬರಿಗೂ ನಿದ್ದೆ.

"ನಿದ್ದೆಯಲ್ಲಿ ಮಾತ್ರ ಇಬ್ಬರೂ ಸರಿಸಮ ನೋಡಿ, ಗೊರಕೆ ಕೂಡ ಒಂದೇ ಅಳತೆ," ಎಂದಳು ತೋಳು ಹೊಲಿಯುವವಳು. ಮಿಷನ್ನುಗಳ ಸಾಲಿನಲ್ಲಿ ನಗು ಹರಿಯಿತು.

ನಗು ಬಹಳ ದಿನ ಉಳಿಯಲಿಲ್ಲ. ಆಸ್ಪತ್ರೆಯ ಕೆಲಸದ ಆರ್ಡರು ಬಂತು. ಬಟ್ಟೆ ವ್ಯಾಪಾರಿ ನಲವತ್ತು ಥಾನು ತಿಳಿನೀಲಿ ಬಟ್ಟೆ ತೆಗೆದಿಟ್ಟು, ಚೆಕ್ಕು ತಂದು ಎತ್ತಿಕೊಂಡು ಹೋಗಿ ಎಂದ. ಚೆಕ್ಕಿನ ಬಲಮೂಲೆಯಲ್ಲಿ ಸಹಿಗೆ ಎರಡು ಗೆರೆ, ಒಂದು ಮೇಲೆ, ಒಂದು ಕೆಳಗೆ.

ದೊರೆ ಮೇಲಿನ ಗೆರೆಯ ಮೇಲೆ ಸಹಿ ಎಳೆದು, ಬಾಲ ಬಿಟ್ಟು, ಬಾಲದ ತುದಿಗೆ ಎರಡು ಚುಕ್ಕಿ ಇಟ್ಟು ಮೇಜಿನ ಆಚೆಗೆ ತಳ್ಳಿದ. ದಿವಾನ ಅದನ್ನು ನೋಡಿದ. "ವಯಸ್ಸು ಅಂತ ಒಂದಿರುತ್ತೆ, ಕೆಲವರಿಗೆ ಅದು ಗೊತ್ತಾಗಲ್ಲ," ಎಂದು ಗೋಡೆಗೆ ಹೇಳಿ, ದೊರೆಯ ಸಹಿಗಿಂತ ಮೇಲೆ, ಅಂಕಿ ಬರೆಯುವ ಚೌಕದೊಳಗೇ ತನ್ನ ಸಹಿ ತುರುಕಿದ. ಬ್ಯಾಂಕಿನವರು ಚೆಕ್ಕು ವಾಪಸು ಕಳಿಸಿದರು. ಎರಡನೆಯ ಚೆಕ್ಕಿನಲ್ಲಿ ಮೊದಲು ದಿವಾನನೇ ಮೇಲೆ ಹಾಕಿದ. ದೊರೆ ಅದರ ನೆತ್ತಿಯ ಮೇಲೆ ಹಾಕಿದ. ಮೂರನೆಯದನ್ನು ಇಬ್ಬರೂ ಮುಟ್ಟಲಿಲ್ಲ. ಮೊದಲು ಹಾಕಿದವನ ತಲೆಯ ಮೇಲೆ ಇನ್ನೊಬ್ಬ ಕೂರುತ್ತಾನೆಂದು ಇಬ್ಬರಿಗೂ ಅನುಭವವಾಗಿತ್ತು.

ಅಕ್ಕ ಮನೆಯಲ್ಲಿ ಗಂಡನನ್ನು ಹಿಡಿದುಕೊಂಡಳು. "ಕೆಳಗೆ ಸಹಿ ಹಾಕಿದ್ರೆ ಕೈ ಉದುರಿ ಹೋಗುತ್ತೇನ್ರೀ?"

"ಇದು ಕೈ ಪ್ರಶ್ನೆ ಅಲ್ಲ ಕಣೇ. ತತ್ತ್ವದ ಪ್ರಶ್ನೆ."

"ನಿಮ್ಮ ತತ್ತ್ವ ಇಷ್ಟು ದಿನ ಎಲ್ಲಿತ್ತು? ನಲ್ಲಿ ರಿಪೇರಿ ಮಾಡಿಸಿ ಅಂದಾಗ ಕಾಣಲೇ ಇಲ್ಲ!"

"ನಾನು ಅಕ್ಕನ ಗಂಡ. ನಾನು ಕೆಳಗೆ ಹಾಕಿದ್ರೆ ಕೆಳಗಾಗೋದು ನೀನೇ. ನಿನ್ನ ಮರ್ಯಾದೆಗೋಸ್ಕರ ಹೋರಾಡ್ತಾ ಇದ್ದೀನಿ."

"ನನ್ನ ಮರ್ಯಾದೆ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿಕೊಂಡು ಬಿದ್ದಿದೆ. ಮೊದಲು ಅದನ್ನ ಬಿಡಿಸ್ಕೊಂಡು ಬನ್ನಿ."

ತಂಗಿಯ ಮನೆಯಲ್ಲೂ ಇದೇ ರಾಮಾಯಣ. ಅಕ್ಕ ಪೆನ್ಸಿಲಿನಿಂದ ಚೆಕ್ಕಿನ ಮೇಲೆ ಅಕ್ಕಪಕ್ಕ ಎರಡು ಗೆರೆ ಎಳೆದುಕೊಟ್ಟಳು. ಗೀಚಿದ ಚೆಕ್ಕು ನಡೆಯುವುದಿಲ್ಲ ಎಂದರು ಬ್ಯಾಂಕಿನವರು. ತಂಗಿ ನಾಣ್ಯ ಚಿಮ್ಮಿಸೋಣ ಎಂದಳು. ಸೋತ ದಿವಾನ ನಾಣ್ಯವೇ ಸವೆದಿದೆ ಎಂದ. ಅಷ್ಟರಲ್ಲಿ ವ್ಯಾಪಾರಿ ಕಾದು ಕಾದು ಬಟ್ಟೆಯನ್ನು ಬೇರೆಯವರಿಗೆ ಮಾರಿದ. ಆಸ್ಪತ್ರೆಯ ಸ್ಟೋರಿನ ಹೆಂಗಸು ಎರಡು ಸಲ ಗಡುವು ಮುಂದೂಡಿ, ಕೊನೆಗೆ ಫೋನು ಮಾಡಿದಳು. "ನಿಮ್ಮ ಹೊಲಿಗೆ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲಮ್ಮ. ಆದ್ರೆ ನರ್ಸುಗಳು ಹಳೇ ಬಟ್ಟೇಲಿ ಎಷ್ಟು ದಿನ ಓಡಾಡ್ತಾರೆ, ಹೇಳಿ." ಎರಡು ವರ್ಷದ ಕೆಲಸ ಬೇರೆ ಕಡೆ ಹೋಯಿತು.

ಸಂಬಳದ ಚೆಕ್ಕಿಗೂ ಅದೇ ಗತಿ. ಹೊಲಿಯುವವರಲ್ಲಿ ನಾಲ್ವರು ಬಿಟ್ಟುಹೋದರು. ಕಾಲರು ಹೊಲಿಯುವವಳು ಹೋಗುವಾಗ ಅತ್ತಳು. ಅಂಥ ಕಾಲರು ಇನ್ನು ಯಾರ ಕೈಯಲ್ಲೂ ಬರುವುದಿಲ್ಲವೆಂದು ಅಕ್ಕನಿಗೂ ಅಳು ಬಂತು. ಶೆಡ್ಡಿನ ಮಾಲೀಕ ಬಾಡಿಗೆ ಕೇಳಲು ಬಂದವನು, ಈ ತಿಂಗಳು ಕಳೆದರೆ ಬೀಗ ಜಡಿಯುತ್ತೇನೆ, ಒಳಗಿರುವ ಸಾಮಾನಿನಲ್ಲಿ ನನ್ನ ಬಾಕಿ ವಸೂಲು ಮಾಡಿಕೊಳ್ಳುತ್ತೇನೆ ಎಂದು ಹೇಳಿ ಹೋದ.

ಅಕ್ಕ ಆಡಿಟರ ಗೂಡಿಗೆ ಹೋದಳು. ಈ ಸಲ ಕುರ್ಚಿಯಲ್ಲಿ ಅವಳೇ ಕೂತಳು. "ಸಾಕು ಈ ಕಂಪನಿ. ನಮ್ಮ ಮಿಷನ್ನು ನಾವು ಎತ್ಕೊಂಡು ಹೋಗ್ತೀವಿ."

"ಆಗಲ್ಲಮ್ಮ. ಅವು ಈಗ ನಿಮ್ಮದಲ್ಲ, ಕಂಪನಿಯದು."

"ನನ್ನ ಬಳೆ ಮಾರಿ ತಂದದ್ದು!"

"ನಿಜ. ಆದ್ರೆ ಬಂಡವಾಳ ಅಂತ ಬರೆದು ಕೊಟ್ಟಾಯ್ತಲ್ಲ. ಅದರ ಆಸ್ತಿ ಅದಕ್ಕೆ ಅಂತ ಅವತ್ತೇ ಹೇಳಿದ್ದೆ."

ಹೇಳಿದ್ದರು. ಸಾಲದ ಮಾತು ಎಲ್ಲರ ಕಿವಿಗೂ ಹೋಗಿತ್ತು, ಆಸ್ತಿಯ ಮಾತು ಯಾರ ಕಿವಿಗೂ ಹೋಗಿರಲಿಲ್ಲ.

ಹೆಂಡತಿಯರು ಮಿಷನ್ನು ಸಾಗಿಸಲು ನೋಡುತ್ತಿದ್ದಾರೆಂದು ತಿಳಿದಾಗ ಷಡ್ಡಕರಿಗೆ ಮೈಯೆಲ್ಲ ಎಚ್ಚರ ಬಂತು. ಮಿಷನ್ನು ಹೋದರೆ ಕಂಪನಿ ಹೋಯಿತು, ಕಂಪನಿ ಹೋದರೆ ಕುರ್ಚಿ ಹೋಯಿತು. ಅರ್ಧ ಗಂಟೆಯೊಳಗೆ ಮೀಟಿಂಗು ಸೇರಿ, ಮಿಷನ್ನುಗಳನ್ನು ಯಾರೂ ಶೆಡ್ಡಿನಿಂದ ಕದಲಿಸಕೂಡದು ಎಂದು ಠರಾವು ಮಾಡಿದರು. ಸಹಿಯ ತಂಟೆಗೆ ದಿವಾನನೇ ದಾರಿ ಕಂಡುಹಿಡಿದ. ಠರಾವಿನ ಎರಡು ಪ್ರತಿ ತೆಗೆದು, ಒಂದರಲ್ಲಿ ದೊರೆ ಮೇಲೆ, ಇನ್ನೊಂದರಲ್ಲಿ ದಿವಾನ ಮೇಲೆ. ಇಡೀ ಕಂಪನಿಯ ಆಯುಸ್ಸಿನಲ್ಲಿ ಅವರು ಮಾಡಿ ಮುಗಿಸಿದ ಕೆಲಸ ಅದೊಂದೇ.

ಅಕ್ಕ ಎರಡೂ ಹಾಳೆ ಹಿಡಿದು ಮತ್ತೆ ಆಡಿಟರ ಹತ್ತಿರ ಹೋದಳು, ತಂಗಿಯನ್ನೂ ಕರೆದುಕೊಂಡು.

"ಇದು ನಡೆಯುತ್ತಾ ಸಾರ್?"

"ನಡೆಯುತ್ತೆ. ಒಂದೇ ಠರಾವು, ಎರಡು ಪ್ರತಿ, ಇಬ್ಬರ ಸಹಿ ಇದೆ."

"ಚೆಕ್ಕಿಗೆ?"

"ಚೆಕ್ಕು ಒಂದೇ ಇರುತ್ತಲ್ಲಮ್ಮ."

ಅಕ್ಕ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ಡೈರೆಕ್ಟರನ್ನ ತೆಗೀಬೇಕಾದ್ರೆ ಏನು ಮಾಡಬೇಕು?"

"ಶೇರುದಾರರ ಸಭೆ ಕರೀಬೇಕು. ನೂರರಲ್ಲಿ ಐವತ್ತೊಂದು ಶೇರು ಕೈ ಎತ್ತಬೇಕು. ನಿಮ್ಮ ಹತ್ರ ಒಂದೂ ಇಲ್ಲ."

"ನಮಗೆ ಐವತ್ತೊಂದು ಬೇಡ," ಎಂದಳು ಅಕ್ಕ. "ಒಂದೊಂದು ಸಾಕು."

ಆಡಿಟರು ಪೆನ್ನು ಕೆಳಗಿಟ್ಟರು. ತಂಗಿಗೆ ಮೊದಲು ತಿಳಿಯಲಿಲ್ಲ. ಅಕ್ಕ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಮೇಜಿನ ಮೇಲೆ ನಾಲ್ಕು ಅಂಕಿ ಬರೆದು ತೋರಿಸಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆ ದಿನ ಅಕ್ಕ ಊಟಕ್ಕೆ ಬಡಿಸುತ್ತ ಮಾತು ತೆಗೆದಳು. "ಮೀಟಿಂಗಿನಲ್ಲಿ ನೀವು ಒಂಟಿ ಆಗ್ತೀರ ಅಲ್ವಾ? ಪಕ್ಕದಲ್ಲಿ ಕೂತು ಹೌದು ಹೌದು ಅನ್ನೋಕೆ ಒಬ್ಬರಾದ್ರೂ ಬೇಡ್ವಾ?"

"ಬೇಕು," ಎಂದ ದೊರೆ, ಇಂಥ ತಿಳಿವಳಿಕೆ ಇವಳಿಗೆ ಎಲ್ಲಿಂದ ಬಂತೆಂದು ಅಚ್ಚರಿಪಟ್ಟು.

"ನಿಮ್ಮದರಲ್ಲಿ ಒಂದೇ ಒಂದು ಶೇರು ನನಗೆ ಕೊಡಿ. ನಾನೂ ಒಳಗೆ ಬರ್ತೀನಿ."

"ಅವನು ಒಪ್ಪಬೇಕಲ್ಲ."

"ಅವರೂ ಅವರ ಹೆಂಡತಿಗೆ ಒಂದು ಕೊಡಲಿ. ಲೆಕ್ಕ ಸಮ ಆಗಲ್ವಾ?"

ದೊರೆ ಬೆರಳು ಮಡಚಿದ. ನಾನು ನಲವತ್ತೊಂಬತ್ತು, ಇವಳೊಂದು, ನಮ್ಮ ಮನೆ ಐವತ್ತು. ಅವನು ನಲವತ್ತೊಂಬತ್ತು, ಅವಳೊಂದು, ಆ ಮನೆ ಐವತ್ತು. "ಸಮ," ಎಂದ. ತಂಗಿಯ ಮನೆಯಲ್ಲಿ ಚೀಲ ಎಣಿಸಿ ಪಳಗಿದ ದಿವಾನ ಎರಡೆರಡು ಸಲ ಕೂಡಿ ನೋಡಿ ಅದನ್ನೇ ಹೇಳಿದ. ಹೆಂಡತಿ ಎಂದರೆ ತನ್ನ ಷರಟಿನ ಇನ್ನೊಂದು ಜೇಬು ಎಂದು ಇಬ್ಬರೂ ನಂಬಿದ್ದರು. ಅವರು ಗಂಡಂದಿರಾಗುವ ಎಷ್ಟೋ ವರ್ಷ ಮೊದಲೇ ಆ ಇಬ್ಬರು ಒಂದೇ ಹೊದಿಕೆಯೊಳಗೆ ಮಲಗಿ ಬೆಳೆದ ಅಕ್ಕತಂಗಿಯರೆಂಬುದು ಅವರ ಲೆಕ್ಕಕ್ಕೆ ಬರಲೇ ಇಲ್ಲ. ಶೇರು ಕೊಡುವ ಕಾಗದಕ್ಕೆ ಎರಡು ಪ್ರತಿಯ ಉಪಾಯದಲ್ಲೇ ಸಹಿ ಬಿತ್ತು.

ಇನ್ನೊಬ್ಬನನ್ನು ಇಳಿಸುವ ಆಸೆ ತೋರಿಸಿ ಅಕ್ಕತಂಗಿಯರು ತಂತಮ್ಮ ಗಂಡಂದಿರಿಂದ ಶೇರುದಾರರ ಸಭೆ ಕರೆಸಿದರು. ಸಭೆಯ ನೋಟೀಸಿನಲ್ಲಿ ಎರಡು ವಿಷಯ ಇದ್ದವು. ಒಂದು, ದಿವಾನನನ್ನು ತೆಗೆದು ಅವನ ಜಾಗಕ್ಕೆ ಅವನ ಹೆಂಡತಿಯನ್ನು ಡೈರೆಕ್ಟರ್ ಮಾಡುವುದು. ಎರಡು, ದೊರೆಯನ್ನು ತೆಗೆದು ಅವನ ಜಾಗಕ್ಕೆ ಅವನ ಹೆಂಡತಿಯನ್ನು ಮಾಡುವುದು. ಮುಚ್ಚಿಟ್ಟದ್ದೇನೂ ಇಲ್ಲ. ದೊರೆ ಎರಡನೆಯದನ್ನು ಓದಿ, "ನೋಡು ಅವನ ಹೊಟ್ಟೆಕಿಚ್ಚು! ನನ್ನ ಮೇಲೂ ಒಂದು ಹಾಕಿಸಿದ್ದಾನೆ. ಹಾಕಿಸ್ಲಿ, ನೀನಿದ್ದೀಯಲ್ಲ," ಎಂದ.

"ತಂಗಿ ಯಾವತ್ತೂ ನನ್ನ ಮಾತು ಮೀರಿಲ್ಲ," ಎಂದಳು ಅಕ್ಕ. ಅದು ಸುಳ್ಳೂ ಅಲ್ಲ. ಆಚೆ ಮನೆಯಲ್ಲಿ ತಂಗಿ, "ಅಕ್ಕ ನನ್ನ ಕೈ ಬಿಡಲ್ಲ" ಎಂದಿದ್ದಳು. ಅದೂ ನಿಜವೇ.

ಸಭೆ ಶೆಡ್ಡಿನಲ್ಲೇ ಸೇರಿತು. ಉಳಿದ ಎಂಟು ಜನ ಹೆಂಗಸರು ಸೂಜಿಗೆ ದಾರ ಪೋಣಿಸುವ ನೆವದಲ್ಲಿ ಮಿಷನ್ನು ನಿಲ್ಲಿಸಿಕೊಂಡು ಕೂತಿದ್ದರು. ಆಡಿಟರು ಮೊದಲನೆಯ ವಿಷಯ ಓದಿದರು. ದೊರೆಯ ಕೈ ಮೇಲೆ ಹೋಯಿತು. ಅಕ್ಕನ ಕೈ ಹೋಯಿತು. ತಂಗಿಯ ಕೈಯೂ ಹೋಯಿತು.

"ಐವತ್ತೊಂದು," ಎಂದರು ಆಡಿಟರು.

ದಿವಾನ ಬೆರಳು ಮಡಚಿ ಮತ್ತೊಮ್ಮೆ ಕೂಡಿ ನೋಡಿದ. ದೊರೆ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ, "ಇನ್ನು ಕೆಲವರು ಮನೆಯಲ್ಲಿ ಆರಾಮಾಗಿ ಮಲಗಬಹುದು," ಎಂದು ಗೋಡೆಗೆ ಹೇಳಿದ.

ಆಡಿಟರು ಎರಡನೆಯದನ್ನು ಓದಿದರು. ಹೆಂಡತಿ ಮಾಡಿದ್ದನ್ನು ದಿವಾನ ಆಗಲೇ ಮರೆತ. ಅವನ ಕೈ ಎಷ್ಟು ರಭಸದಿಂದ ಮೇಲೆದ್ದಿತೆಂದರೆ ತೂಗುಬಿಟ್ಟ ದೀಪಕ್ಕೆ ತಾಗಿ ಅದು ಉಯ್ಯಾಲೆಯಾಡಿತು. ತಂಗಿ ಕೈ ಎತ್ತಿದಳು. ದೊರೆ ನಗುತ್ತ ಹೆಂಡತಿಯ ಕಡೆ ತಿರುಗಿದ. ಅವಳ ಕೈ ಮೇಲಿತ್ತು.

"ಐವತ್ತೊಂದು."

"ಏಯ್! ನೀನು ನನ್ನ ಹೆಂಡತಿ ಕಣೇ!"

"ಹೌದು. ಶೇರು ಮಾತ್ರ ನನ್ನದು," ಎಂದಳು ಅಕ್ಕ. "ಮನೆಗೆ ಹೋಗಿ, ಅನ್ನ ಮಾಡಿಟ್ಟಿದ್ದೀನಿ."

ತೋಳು ಹೊಲಿಯುವವಳು ಮೊದಲು ಮಿಷನ್ನು ತುಳಿದಳು. ಉಳಿದವರೂ ತುಳಿದರು. ಆ ಸದ್ದಿನಲ್ಲಿ ದೊರೆ ಮುಂದೆ ಏನು ಕೂಗಿದನೋ ಯಾರಿಗೂ ಕೇಳಿಸಲಿಲ್ಲ.

ಬ್ಯಾಂಕಿನ ಕಾಗದ ಬದಲಾಗಿ ಮೊದಲ ಚೆಕ್ಕು ಬರೆಯುವಾಗ ತಂಗಿ ಕೇಳಿದಳು: "ಮೇಲೆ ಯಾರೇ?"

"ಯಾರ ಕೈ ಖಾಲಿ ಇದೆಯೋ ಅವರು," ಎಂದು ಅಕ್ಕ ಬಟ್ಟೆ ಕತ್ತರಿಸುತ್ತಲೇ ಇದ್ದಳು. ಬಾಡಿಗೆ ಸಂದಾಯವಾಯಿತು, ಬೀಗ ಬೀಳಲಿಲ್ಲ. ಅಡ್ಡ ಹೊಡೆದ ಹಲಗೆ ಕಿತ್ತು, ಬಾಗಿಲ ಬಳಿ ಧೂಳು ತಿನ್ನುತ್ತಿದ್ದ ಮಿಷನ್ನುಗಳನ್ನು ಒಳಕ್ಕೆ ತಂದರು. ತೊಂಬತ್ತೆಂಟು ಶೇರು ಇನ್ನೂ ಆ ಇಬ್ಬರ ಹೆಸರಿನಲ್ಲೇ ಇದ್ದವು. ಇಬ್ಬರೂ ಸೇರಿ ಕೈ ಎತ್ತಿದರೆ ಹೆಂಡತಿಯರನ್ನು ಒಂದು ನಿಮಿಷದಲ್ಲಿ ಇಳಿಸಬಹುದೆಂದು ಆಡಿಟರು ಎಚ್ಚರಿಸಿದರು.

"ಸೇರಲ್ಲ," ಎಂದಳು ಅಕ್ಕ. "ಸೇರೋಕೆ ಯಾರು ಯಾರ ಮನೆಗೆ ಹೋಗಬೇಕು ಅಂತ ಮೊದಲು ತೀರ್ಮಾನ ಆಗಬೇಕಲ್ಲ ಸಾರ್."

ಹೋದದ್ದು ಇಷ್ಟು: ಆಸ್ಪತ್ರೆಯ ಎರಡು ವರ್ಷದ ಕೆಲಸ ಹೋಯಿತು. ಪಳಗಿದ ನಾಲ್ಕು ಜೊತೆ ಕೈ ಹೋದವು. ಒಬ್ಬಳು ಮಾತ್ರ ತಿರುಗಿ ಬಂದಳು, ಕಾಲರಿನವಳಲ್ಲ. ದೊರೆ ಆರು ತಿಂಗಳು ಹೆಂಡತಿಯೊಡನೆ ಮಾತು ಬಿಟ್ಟ; ಅದನ್ನು ಅಕ್ಕ ಮೊದಮೊದಲು ಲಾಭದ ಕಡೆ ಬರೆದುಕೊಂಡಿದ್ದಳು, ಆಮೇಲೆ ನಷ್ಟದ ಕಡೆಗೆ ಬರೆದುಕೊಂಡಳು. ಉಳಿದದ್ದು ಶೆಡ್ಡು ಮತ್ತು ಹದಿನಾಲ್ಕು ಮಿಷನ್ನು.